ಹೆಸರು ಚಿತ್ರ, ಒಳಗೆ ಆಜ್ಞೆ!

ವೆಬ್ ತಾಣಕ್ಕೆ ನಾವು ಕಳಿಸುವ ಕಡತದ ಹೆಸರಿನ ಕೊನೆಗೆ ‘ಜೆಪಿಜಿ’ ಎಂದಿದ್ದ ಮಾತ್ರಕ್ಕೆ ಅದು ಚಿತ್ರವೇ ಆಗಬೇಕೆಂದಿಲ್ಲ. ಹೆಸರಿಡುವವನು ಕಳಿಸುವವನೇ ತಾನೆ?

2016ರ ಮೇ ತಿಂಗಳಲ್ಲಿ ಬಯಲಾದ ‘ಇಮೇಜ್‌ಟ್ರಾಜಿಕ್’ ಲೋಪವನ್ನೇ ನೋಡಿ. ಚಿತ್ರಗಳ ಅಳತೆ ಬದಲಿಸಲು ಅನೇಕ ತಾಣಗಳು ಬಳಸುತ್ತಿದ್ದ ತಂತ್ರಾಂಶ ‘ಇಮೇಜ್‌ಮ್ಯಾಜಿಕ್’. ಚಿತ್ರದ ಹೆಸರು ಹೊತ್ತ ಕಡತದೊಳಗೆ ಆಜ್ಞೆಯೊಂದನ್ನು ಬರೆದು ಕಳಿಸಿದರೆ ಸಾಕು, ತಾಣದ ಸರ್ವರ್ ಅದನ್ನು ಚಾಚೂ ತಪ್ಪದೆ ಪಾಲಿಸುತ್ತಿತ್ತು! ಅಲ್ಲಿಗೆ ಬಳಕೆದಾರರ ಮಾಹಿತಿಯೆಲ್ಲ ಪರರ ಪಾಲು. ಫೇಸ್‌ಬುಕ್‌ನಲ್ಲೂ ಇದೇ ಬಿರುಕು ಕಂಡುಹಿಡಿದ ಸಂಶೋಧಕನಿಗೆ ಆ ಸಂಸ್ಥೆ ಅದೇ ವರ್ಷ 40,000 ಡಾಲರ್ ಬಹುಮಾನ ಕೊಟ್ಟಿತು.

ಉಪಾಯವೇನು? ಹೆಸರನ್ನು ನಂಬದೆ ಕಡತದ ತಿರುಳನ್ನು ಪರೀಕ್ಷಿಸಬೇಕು. ಹೊಸ ಹೆಸರಿಟ್ಟು, ಯಾವ ಪ್ರೋಗ್ರಾಮೂ ಓಡದಂಥ ಪ್ರತ್ಯೇಕ ಜಾಗದಲ್ಲಿ ಇಡಬೇಕು. ಗುರುತಿಲ್ಲದವರನ್ನು ಜಗಲಿಯಲ್ಲೇ ಕೂರಿಸಿ ಮಾತಾಡಿಸುವುದು ಅಪಮಾನವಲ್ಲ, ಎಚ್ಚರ.