ಕಣ್ಣಿಗೆ ಬೀಳದ ಸತು

‘ಯುರೋಪಿನ ಹಳೆಯ ಚರ್ಚುಗಳಲ್ಲಿ ಮೇರಿಯ ವಿಗ್ರಹವನ್ನೇ ನಡುವೆ ಕೂರಿಸಿದ ತೂಗುದೀಪಗಳಿವೆಯಲ್ಲ, ಅವು ಕಂಚಿನವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಬಹುಪಾಲು ಹಿತ್ತಾಳೆಯವು. ಇಂಗ್ಲೆಂಡಿನ ಬ್ರಿಸ್ಟಲ್ ಕೆಥೆಡ್ರಲ್‌ನಲ್ಲಿರುವ 15ನೇ ಶತಮಾನದ ದೀಪ ಅಂಥದ್ದು. ಮಗುವನ್ನೆತ್ತಿಕೊಂಡ ಮೇರಿ, ಡ್ರ್ಯಾಗನ್ ಕೊಲ್ಲುವ ಸಂತ ಜಾರ್ಜ್, ಸುತ್ತಲೂ ಮೇಣದಬತ್ತಿಯ ತೋಳುಗಳು. ಮೊದಲು ಅದೇ ಊರಿನ ಟೆಂಪಲ್ ಚರ್ಚಿನಲ್ಲಿತ್ತು. 1940ರ ಬಾಂಬ್ ದಾಳಿಗೆ ಚರ್ಚು ಸುಟ್ಟು ಬರೀ ಗೋಡೆ ಉಳಿಯಿತು; ದೀಪಕ್ಕೆ ಏನೂ ಆಗಲಿಲ್ಲ.

ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಸೋಜಿಗವೆಂದರೆ, ಇಂಥ ದೀಪಗಳನ್ನು ಎರಕ ಹೊಯ್ದ ಕಾಲದ ಯುರೋಪಿನ ಕಸುಬುದಾರರಿಗೆ ಸತುವೆಂಬ ಲೋಹವೇ ಗೊತ್ತಿರಲಿಲ್ಲ! ಅದಿರಿನಿಂದ ಸತು ಬಿಡಿಸಲು ಬೇಕಾದ ಶಾಖದಲ್ಲಿ ಅದು ದ್ರವವಾಗಿ ನಿಲ್ಲುವುದಿಲ್ಲ. 907 ಡಿಗ್ರಿಗೇ ಕುದಿಯುವುದರಿಂದ ಆವಿಯಾಗಿ ಹೊರಟು, ಗಾಳಿ ತಾಗಿದೊಡನೆ ಬಿಳಿ ಬೂದಿಯಾಗುತ್ತದೆ. ಮ್ಯೂಸ್ ನದಿ ದಂಡೆಯ ದಿನಾಂ ಪಟ್ಟಣದವರು ಹಿತ್ತಾಳೆಯ ಕೆಲಸದಲ್ಲಿ ಪಳಗಿದವರು. ಅಲ್ಲಿಯವರು ತಾಮ್ರದ ಚೂರು, ಸತುವಿನ ಅದಿರು, ಇದ್ದಿಲ ಪುಡಿ ಬೆರೆಸಿ ಮೂಸೆಯಲ್ಲಿ ಮುಚ್ಚಿ ಕಾಯಿಸುತ್ತಿದ್ದರು. ಹೊರಬೀಳಲು ದಾರಿಯಿಲ್ಲದ ಆವಿ ತಾಮ್ರದೊಳಗೇ ಇಳಿಯುತ್ತಿತ್ತು. ತಾಮ್ರ ಕರಗುವುದು 1085 ಡಿಗ್ರಿಗೆ. ಬೇಗ ಕರಗಿ ತಳ ಸೇರಿಬಿಟ್ಟರೆ ಆವಿ ಹೀರಲು ಮೈ ಸಾಲದು. ಆದ್ದರಿಂದ ಉರಿಯನ್ನು ಈ ಎರಡು ಅಂಕಿಗಳ ನಡುವೆ ಹಿಡಿದಿಡಬೇಕು. ಥರ್ಮಾಮೀಟರ್ ಇಲ್ಲ, ಕುಲುಮೆಯ ಬಣ್ಣವೇ ಆಧಾರ. ಎಷ್ಟು ನುರಿತರೂ ಸತುವಿನ ಪಾಲು ಸುಮಾರು ಶೇ. 28 ದಾಟುವುದು ಕಷ್ಟ. ಬಂಗಾರದ ಹೊಳಪಿಗೆ, ಅಚ್ಚಿನ ಸಣ್ಣ ಸಂದಿಗೂ ಹರಿಯುವುದಕ್ಕೆ ಅಷ್ಟು ಧಾರಾಳವಾಗಿ ಸಾಕಿತ್ತು.

ಅದೇ ಆವಿಯನ್ನು ಹಿಡಿದು ಲೋಹವಾಗಿಸುವ ವಿದ್ಯೆ ಆಗಲೇ ಉದಯಪುರದ ಬಳಿಯ ಜಾವರ್‌ನಲ್ಲಿತ್ತು. ಬದನೆಕಾಯಿ ಆಕಾರದ ಮಣ್ಣಿನ ಮೂಸೆಗೆ ಅದಿರಿನ ಮಿಶ್ರಣ ತುಂಬಿ, ಕೊರಳಿಗೊಂದು ಕಡ್ಡಿ ಸಿಕ್ಕಿಸಿ ತಲೆಕೆಳಗಾಗಿ ಕುಲುಮೆಯಲ್ಲಿ ಜೋಡಿಸುತ್ತಿದ್ದರು. ಕಡ್ಡಿ ಇರುವುದರಿಂದ ಮಿಶ್ರಣ ಉದುರದು. ಅದು ಸುಟ್ಟುಹೋದ ಮೇಲೆ ಆವಿಗೆ ದಾರಿ. ಕೆಳಗಿನ ತಂಪು ಕೋಣೆಯಲ್ಲಿ ಸತು ಹನಿಗಟ್ಟುತ್ತಿತ್ತು. ಆ ಕಡ್ಡಿಯ ಜಾಣತನಕ್ಕೆ ನಾನಂತೂ ಮರುಳಾಗಿದ್ದೇನೆ.

ಇಂಗ್ಲೆಂಡಿನಲ್ಲಿ ಸತುವಿನ ಬಟ್ಟಿ ಇಳಿಸುವಿಕೆಗೆ ಪೇಟೆಂಟ್ ಪಡೆದವನು ವಿಲಿಯಂ ಚಾಂಪಿಯನ್, 1738ರಲ್ಲಿ, ಅದೂ ಬ್ರಿಸ್ಟಲ್‌ನಲ್ಲೇ. ಅವನದೂ ಆವಿಯನ್ನು ಕೆಳಕ್ಕಿಳಿಸುವ ವಿಧಾನ. ಅಷ್ಟಕ್ಕೇ ‘ಜಾವರ್‌ನಿಂದ ಕದ್ದದ್ದು’ ಎಂದು ಎದೆತಟ್ಟಿಕೊಳ್ಳುವವರಿದ್ದಾರೆ. ಹೋಲಿಕೆ ನಿಜ, ಆದರೆ ಕಳವಿಗೆ ದಾಖಲೆ ತೋರಿಸಬೇಕಲ್ಲ?