ಕೋಚ್ ಆಗುವ ಕನಸು ಯಾರಿಗಿದೆ?

ಸುನಿಲ್ ಛೆಟ್ರಿ ಹೆಸರು ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗರಿಗೂ ಗೊತ್ತು. ಆಲ್ಬರ್ಟ್ ರೋಕಾ ಯಾರೆಂದು ಕೇಳಿ ನೋಡಿ, ಬಹಳಷ್ಟು ಮಂದಿ ಸುಮ್ಮನಾಗುತ್ತಾರೆ.

2016ರ ಎಎಫ್‌ಸಿ ಕಪ್ ಏಷ್ಯಾದ ಎರಡನೇ ಹಂತದ ಕ್ಲಬ್ ಫುಟ್‌ಬಾಲ್ ಟೂರ್ನಿ. ಬೆಂಗಳೂರು ಎಫ್‌ಸಿಯನ್ನು ಗುಂಪು ಹಂತ ದಾಟಿಸಿದವರು ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್. ಜುಲೈನಲ್ಲಿ ಸ್ಪೇನಿನ ರೋಕಾ ಕೋಚ್ ಆಗಿ ಬಂದರು. ಅಕ್ಟೋಬರ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೋರ್ ತಂಡವನ್ನು 3–1ರಿಂದ ಮಣಿಸಿದ ಬೆಂಗಳೂರು, ಈ ಟೂರ್ನಿಯ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಆಯಿತು. ನವೆಂಬರ್ 5ರಂದು ದೋಹಾದಲ್ಲಿ ಒಂದೇ ಗೋಲಿನಿಂದ ಕಪ್ ಕೈತಪ್ಪಿತು. ಅದನ್ನು ಗೆದ್ದದ್ದು ಇರಾಕಿನ ಏರ್‌ಫೋರ್ಸ್ ಕ್ಲಬ್. ಅದರ ಕೋಚ್ ಬಾಸಿಮ್ ಖಾಸಿಂ ಇರಾಕಿನವರೇ!

ನಮ್ಮ ತಂಡದ ಇಬ್ಬರು ಕೋಚ್‌ಗಳೂ ಹೊರಗಿನವರು. ಅವರಿಂದ ಕಲಿತದ್ದು ಬಹಳ, ನಿಜ. ಆದರೆ ನಮ್ಮವರು ಯಾವಾಗ?

ಕೋಚ್ ಆಗುವುದಕ್ಕೂ ಓದಿದೆ, ಪರೀಕ್ಷೆಯಿದೆ. ನಮ್ಮ ಸೆಮಿಸ್ಟರ್‌ಗಳಂತೆ ಡಿ ಲೈಸೆನ್ಸ್‌ನಿಂದ ಸಿ, ಬಿ, ಎ, ಪ್ರೊ ವರೆಗೆ ಮೆಟ್ಟಿಲುಗಳಿವೆ. ನಮ್ಮ ತಾಲ್ಲೂಕುಗಳಲ್ಲಿ ಚೆಂಡು ಒದೆಯುವ ಕಾಲುಗಳಿಗೆ ಬರವಿಲ್ಲ, ಬೇಕಾಗಿರುವುದು ಕಲಿಸುವವರು. ಗೆಳೆಯರೇ, ಮೊದಲ ಮೆಟ್ಟಿಲು ಹತ್ತಲು ನಮ್ಮಲ್ಲಿ ಯಾರು ಸಿದ್ಧ?