ಗಾಡಿಗೂ ಗಾಡಿಯವನಿಗೂ ಇಂಬು

ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ಹೆದ್ದಾರಿಯು ಭೀಮೆಯನ್ನು ದಾಟಿ ಧೂಳಖೇಡದಲ್ಲಿ ಕರ್ನಾಟಕದ ನೆಲವನ್ನು ಮೆಟ್ಟುವದು. ಅಲ್ಲಿಂದ ಸ್ವಲ್ಪ ಮುಂದಕ್ಕೆ ಇಂಡಿ ಸೀಮೆಯ ಝಳಕಿ. ಇಂಡಿಯ ದಾರಿಯೂ ಚಡಚಣದ ದಾರಿಯೂ ಹೆದ್ದಾರಿಯನ್ನು ಕೂಡುವ ಈ ಊರು, ಎರಡು ನಗರಗಳ ನಡುವಣ ಸುಮಾರು ೧೦೦ ಕಿಲೋಮೀಟರಿನ ಹಾದಿಯಲ್ಲಿ ಹೆಚ್ಚು ಕಡಿಮೆ ಅರ್ಧದಾರಿಯಾಗಿರುವದು. ಪಂಢರಪುರ, ತುಳಜಾಪುರ, ಅಕ್ಕಲಕೋಟೆ, ಶಿರಡಿಗಳಿಗೆ ಹೋಗಿಬರುವ ನಮ್ಮ ಕಡೆಯ ಯಾತ್ರಿಕರೂ, ಲಿಂಬೆ ದ್ರಾಕ್ಷಿಗಳ ವ್ಯಾಪಾರಸ್ಥರೂ, ಕಚೇರಿಯ ಕೆಲಸದ ಮೇಲೆ ತಿರುಗುವ ಅಧಿಕಾರಿಗಳೂ ಇಲ್ಲಿ ಚಹಕ್ಕೆ ಇಳಿಯುವದುಂಟು. ರಾತ್ರಿಗೆ ಇಳಿಯುವವರು ಮಾತ್ರ ವಿರಳ. ವಿಜಯಪುರವು ಇನ್ನೊಂದು ತಾಸಿನ ಹಾದಿಯಾಗಿರುವಾಗ ಝಳಕಿಯಲ್ಲಿ ಯಾರು ಮಲಗುವರು ಎಂಬದೇ ಎಲ್ಲರ ಎಣಿಕೆ. ನಮ್ಮ ಎಣಿಕೆಯೂ ಇದುವರೆಗೆ ಅದೇ ಆಗಿತ್ತು.

ಕಳೆದ ಛಳಿಗಾಲದ ಒಂದು ರಾತ್ರಿ ಅದು ತಪ್ಪಿತು. ಸೊಲ್ಲಾಪುರದ ಮದುವೆಯೊಂದನ್ನು ಮುಗಿಸಿಕೊಂಡು ಬಾಡಿಗೆಯ ಮೋಟಾರಿನಲ್ಲಿ ನಾವು ಹುಬ್ಬಳ್ಳಿಯ ಕಡೆಗೆ ಹೊರಟಾಗಲೇ ಹತ್ತು ಹೊಡೆದಿತ್ತು. ಬೆಳಗಾಗುವದರೊಳಗೆ ಮನೆ ಸೇರಬೇಕೆಂಬ ಹಂಚಿಕೆ ನಮ್ಮದು. ಅದನ್ನು ಪಾರುಗಾಣಿಸುವ ಭಾರ ಮಾತ್ರ ಚಾಲಕನದು. ಭೀಮೆಯ ಸೇತುವೆ ದಾಟಿದ ಮೇಲೆ ಗಾಡಿಯ ಎಡಗಾಲಿಯು ಎರಡು ಸಲ ಹಾದಿಯಂಚಿನ ಬಿಳಿಗೆರೆಯನ್ನು ತುಳಿಯಿತು. "ನಿದ್ದಿ ಬಂತೇನಪಾ?" ಎಂದು ಕೇಳಿದೆವು. "ಇಲ್ರೀ ಸರ್, ಕಣ್ಣಾಗ ಒಂದೀಟು ಧೂಳ ಬಿತ್ರಿ" ಎಂದನು. ಗಾಡಿಯ ಕಿಟಕಿಗಳೆಲ್ಲ ಮುಚ್ಚಿದ್ದವು. ನಮ್ಮ ಸಂಗಡ ಇದ್ದ ಹಿರಿಯರೊಬ್ಬರು, ಇನ್ನು ಒಂದು ಮಾರು ಸಹ ಮುಂದೆ ಹೋಗಕೂಡದೆಂದು ಹಟ ಹಿಡಿದರು. ಹೀಗೆ ಝಳಕಿಯಲ್ಲಿ ಇಳಿದೆವು.

ನಾವು ಇಳಿದ ಮನೆಯ ಹೆಸರನ್ನು ಹೇಳುವ ಕಾರಣವಿಲ್ಲ. ಅಂಥವು ಈ ಹೆದ್ದಾರಿಯ ಮೇಲೂ ನಾಡಿನ ಬೇರೆ ಹೆದ್ದಾರಿಗಳ ಮೇಲೂ ಇನ್ನೂ ಅಲ್ಲಲ್ಲಿ ಉಳಿದುಕೊಂಡಿವೆ. ಒಂದೇ ಅಂತಸ್ತಿನ ಹಳೆಯ ಕಟ್ಟಡ. ಅಂಗಳಕ್ಕೆ ಕಬ್ಬಿಣದ ಗೇಟು, ನಡುವೆ ಒಂದು ಬೇವಿನ ಗಿಡ, ಎರಡು ಬದಿಗೂ ಸಾಲು ಕೋಣೆಗಳು. ಪ್ರತಿಯೊಂದು ಕೋಣೆಯ ಬಾಗಿಲು ನೇರವಾಗಿ ಅಂಗಳಕ್ಕೆ ತೆರೆಯುವದರಿಂದ ಮೋಟಾರನ್ನು ಬಾಗಿಲ ಮುಂದೆಯೇ ನಿಲ್ಲಿಸಿ, ನಿಂತಲ್ಲಿಂದಲೇ ಗಂಟುಮೂಟೆಗಳನ್ನು ಒಳಗೆ ಹಾಕಬಹುದು. ಮುದುಕರಿಗೆ ಹತ್ತುವ ಪಾವಟಿಗೆಯಿಲ್ಲ, ಮಲಗಿದ ಮಕ್ಕಳನ್ನು ಹೊತ್ತು ತಿರುಗುವ ದಣಿವಿಲ್ಲ. ಗಾಡಿಯನ್ನು ತೊಳೆಯಲು ಒಂದು ನಳ, ಒಂದು ಬಕೀಟು. ಬಾಡಿಗೆ ಏಳುನೂರು ರೂಪಾಯಿ. ಇದ್ದ ಕುಂದನ್ನೂ ಹೇಳಿಬಿಡುವೆವು: ಗೋಡೆಯ ಸುಣ್ಣ ಉದುರುತ್ತಿತ್ತು, ಬಚ್ಚಲಿನ ಕದಕ್ಕೆ ಚಿಲಕ ಕೂಡುತ್ತಿರಲಿಲ್ಲ, ಸೊಳ್ಳೆಗಳು ನಮಗಿಂತ ಮುಂಚೆಯೇ ಆ ಕೋಣೆಯನ್ನು ಹಿಡಿದಿದ್ದವು. ಬಿಸಿನೀರು ಬೇಕಾದರೆ ಹುಡುಗನು ಹಂಡೆಯಿಂದ ತೋಡಿ ತರಬೇಕು.

ಆದರೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಯಜಮಾನನ ಮೊದಲ ಮಾತು. ಹೆಸರು ಬರೆಸುವ ಪುಸ್ತಕವನ್ನು ಅವನು ಇನ್ನೂ ತೆರೆದಿರಲಿಲ್ಲ. "ಗಾಡಿ ಒಳಗ ತಗೊಂಬರ್ರಿ ಸಾಹೇಬ್ರ. ಡ್ರೈವರ್ ಒಬ್ರ ಏನ್ರಿ?" ಎಂದನು. ಗೇಟಿನ ಬದಿಗೆ ನಾಲ್ಕು ಮಂಚಗಳ ಒಂದು ಉದ್ದನ್ನ ಕೋಣೆಯಿತ್ತು. ಅದು ಚಾಲಕರದು; ಅದಕ್ಕೆ ಪ್ರತ್ಯೇಕ ಬಾಡಿಗೆಯಿಲ್ಲ. ನಮ್ಮವನು ಕೈಕಾಲು ತೊಳೆದು ಅಲ್ಲಿ ಮೈ ಚಾಚಿದವನು, ನಾವು ನಮ್ಮ ಕೀಲಿಯನ್ನು ತೆಗೆದುಕೊಳ್ಳುವದರೊಳಗೆ ನಿದ್ದೆಹೋಗಿದ್ದನು.

ನಾವು ಪ್ರವಾಸ ಮಾಡುತ್ತ ಬಂದದ್ದು ಇಂದು ನಿನ್ನೆಯಿಂದಲ್ಲ. ಊರೂರಿನಲ್ಲಿ ಗಾಜಿನ ಬಾಗಿಲಿನ, ತಂಪು ಗಾಳಿಯ ಹೊಟೇಲುಗಳಲ್ಲಿ ಇಳಿದದ್ದುಂಟು. ಅಲ್ಲಿ ನಮ್ಮ ಗುರುತಿನ ಚೀಟಿಯನ್ನು ಕೇಳಿದರು, ಬೆಳಗಿನ ಉಪಾಹಾರಕ್ಕೆ ಏನು ಬೇಕೆಂದು ಕೇಳಿದರು. ನಿಮ್ಮ ಗಾಡಿ ಹೊಡೆದವನು ಎಲ್ಲಿ ಮಲಗುವನೆಂದು ಮಾತ್ರ ಯಾರೂ ಕೇಳಿದ ನೆನಪಿಲ್ಲ. ನಾವೂ ಕೇಳಿರಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ದಾರಿಹೋಕನಿಗೆ ಇಂಬು ಕೊಡುವಾಗ ಅವನ ಸಂಗಡ ಬಂದದ್ದೆಲ್ಲಕ್ಕೂ ಇಂಬು ಕೊಡಬೇಕೆಂಬ ವಿಚಾರವು ಈ ನೆಲಕ್ಕೆ ಹೊಸದಲ್ಲ. ಇದೇ ಇಂಡಿಯ ಸಮೀಪದ ಸಾಲೋಟಗಿಯಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಯ ವಿಷಯವನ್ನು ಕ್ರಿ.ಶ. ೯೪೫ರ ಶಾಸನವು ಹೇಳುತ್ತದೆ. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆಂದು ೨೭ ಮನೆಗಳನ್ನು ಅಲ್ಲಿ ಕೊಡಲಾಗಿತ್ತು. ದೀಪದ ವೆಚ್ಚಕ್ಕೆಂದು ಬೇರೆ ಭೂಮಿಯನ್ನು ಬಿಡಲಾಗಿತ್ತು. ಮನೆ ಕೊಟ್ಟೆವು, ಇನ್ನು ಕತ್ತಲೆಯನ್ನು ನೀವೇ ನೋಡಿಕೊಳ್ಳಿರೆಂದು ದಾನಿಯು ಹೇಳಲಿಲ್ಲ.

ಆಂಗ್ಲರ ಪ್ರಯಾಣಿಕರ ಬಂಗಲೆಗಳ ಮಾತು ಬೇರೆ. ವಿಜಯಪುರದಲ್ಲಿ ಗೋಳಗುಮ್ಮಟದ ಪಕ್ಕದ ಮಸೀದಿಯನ್ನೇ ಅವರು ಬಹುಕಾಲ ಬಂಗಲೆಯಾಗಿ ಬಳಸಿದರು. ಪ್ರಾಚೀನ ಸ್ಮಾರಕಗಳ ರಕ್ಷಣೆಗೆಂದು ೧೯೦೪ರ ಕಾಯಿದೆಯನ್ನು ತಂದ ಕರ್ಜನ್ನನ ಕಾಲಕ್ಕೆ ಆ ಅನುಚಿತವು ನಿಂತಿತು. ಆದರೆ ಅಂಥ ಬಂಗಲೆಗಳಲ್ಲಿಯೂ ಕುದುರೆಗೆ ಲಾಯವೂ, ಆಳುಗಳಿಗೆ ಹಿಂದುಗಡೆ ಕೋಣೆಗಳೂ ಇರುತ್ತಿದ್ದವು. ಸರಕಾರದ ೧೮೬೭ರ ಸರಾಯಿ ಕಾಯಿದೆಯು ಧರ್ಮಶಾಲೆ ವಸತಿಗೃಹಗಳನ್ನು ನಡೆಯಿಸುವವರ ಮೇಲೆ ಹೊರಿಸಿದ ಕರ್ತವ್ಯಗಳಲ್ಲಿ, ಇಳಿದ ಜನರಿಗಷ್ಟೇ ಅಲ್ಲ, ಅವರ ದನಕುದುರೆಗಳಿಗೂ ವಾಹನಗಳಿಗೂ ಸಾಕಾಗುವಷ್ಟು ಕಾವಲುಗಾರರನ್ನು ಇಡಬೇಕೆಂಬದೂ, ಬಾಡಿಗೆಯ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗಹಾಕಬೇಕೆಂಬದೂ ಸೇರಿದ್ದವು. ಪರರಾಜ್ಯದ ಕಾಯಿದೆಯಾದರೂ ಇದನ್ನು ಒಪ್ಪಲಡ್ಡಿಯಿಲ್ಲ.

ನಮ್ಮ ಕಾಲದ ಹೊಟೇಲುಗಳು ವಾಹನದ ಹೊಣೆಯನ್ನು ಜಾರಿಸಿಕೊಳ್ಳುವದನ್ನು ಕಲಿತಿವೆ. "ವಾಹನಗಳನ್ನು ಮಾಲಕರು ತಮ್ಮ ಹೊಣೆಯ ಮೇಲೆ ನಿಲ್ಲಿಸತಕ್ಕದ್ದು" ಎಂಬ ಹಲಗೆಯನ್ನು ಓದದವರಾರು? ದಿಲ್ಲಿಯ ದೊಡ್ಡ ಹೊಟೇಲೊಂದರಲ್ಲಿ ೧೯೯೮ರಲ್ಲಿ ಅತಿಥಿಯೊಬ್ಬನು ತನ್ನ ಮೋಟಾರನ್ನೂ ಕೀಲಿಯನ್ನೂ ಹೊಟೇಲಿನ ಆಳಿನ ಕೈಗೆ ಕೊಟ್ಟು ಒಳಗೆ ಹೋದನು. ಹೊರಗೆ ಬರುವಷ್ಟರಲ್ಲಿ ಮೋಟಾರು ಕಳುವಾಗಿತ್ತು. ಕೊಟ್ಟ ಚೀಟಿಯ ಮೇಲೆ ಇದೇ ಒಕ್ಕಣೆ ಅಚ್ಚಾಗಿತ್ತು. ಕೀಲಿಯನ್ನು ತನ್ನ ವಶಕ್ಕೆ ತೆಗೆದುಕೊಂಡ ಮೇಲೆ ಹೊಟೇಲು ತನ್ನ ಅಲಕ್ಷ್ಯದ ಫಲದಿಂದ ಆ ಚೀಟಿಯ ಮರೆಯಲ್ಲಿ ತಪ್ಪಿಸಿಕೊಳ್ಳಲಾರದೆಂದು ಸರ್ವೋಚ್ಚ ನ್ಯಾಯಾಲಯವು ೨೦೧೯ರ ನವೆಂಬರದಲ್ಲಿ ತೀರ್ಪು ಕೊಟ್ಟಿತು. ಇಪ್ಪತ್ತೊಂದು ವರ್ಷಗಳಾದರೂ ಗಾಡಿಗೆ ನ್ಯಾಯ ದೊರೆಯಿತು. ಗಾಡಿಯನ್ನು ಹೊಡೆಯುವವನು ಮಾತ್ರ ಇನ್ನೂ ಹೊರಗೆಯೇ ಮಲಗಿರುವನು.

ಅವನ ಸಲುವಾಗಿ ಕಾಯಿದೆಯೇ ಇಲ್ಲವೆಂದಲ್ಲ. ೨೦೨೫ರ ವರೆಗೆ ಜಾರಿಯಲ್ಲಿದ್ದ ೧೯೬೧ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ ೮ ತಾಸು, ವಾರಕ್ಕೆ ೪೮ ತಾಸು ಎಂದು ದುಡಿಮೆಯ ಮಿತಿಯನ್ನು ಕಟ್ಟಿತ್ತು. ಕೆಲಸಗಾರರು ರಾತ್ರಿ ತಂಗಬೇಕಾಗುವ ಸ್ಥಳದಲ್ಲಿ ಅವರಿಗೆ ವಿಶ್ರಾಂತಿಯ ಕೋಣೆಯನ್ನು ಒಡೆಯನು ಒದಗಿಸಬೇಕೆಂದು ಹೇಳಿತ್ತು. ಆದರೆ ಆ ಕಾಯಿದೆಯು ಸಾಮಾನ್ಯವಾಗಿ ಐವರು ಅಥವಾ ಅದಕ್ಕೆ ಮೇಲ್ಪಟ್ಟು ಕೆಲಸಗಾರರಿರುವ ಸಂಸ್ಥೆಗಳಿಗೆ ಅನ್ವಯಿಸುತ್ತಿತ್ತು. ನಮ್ಮ ಊರುಗಳಲ್ಲಿ ಬಾಡಿಗೆಗೆ ಬರುವ ಗಾಡಿಗಳಲ್ಲಿ ಬಹುಪಾಲಿನವಕ್ಕೆ ಒಡೆಯನು ಒಬ್ಬ, ಡ್ರೈವರನು ಒಬ್ಬ. ಎಷ್ಟೋ ಸಲ ಇಬ್ಬರೂ ಒಬ್ಬನೇ. ಸಾಲದ ಕಂತು ಅವನ ಹೆಗಲ ಮೇಲೆ ಕುಳಿತು ಗಾಡಿಯನ್ನು ಹೊಡೆಯಿಸುತ್ತಿರುತ್ತದೆ. ಆ ಕಾಯಿದೆಯ ಛತ್ರಿಯ ನೆರಳು ಅವನ ವರೆಗೆ ಮುಟ್ಟಲಿಲ್ಲ.

ಬತ್ತೆ ಕೊಡುತ್ತೇವಲ್ಲ ಎಂದು ನಮ್ಮ ವಾಚಕರು ಕೇಳಬಹುದು. ಹೌದು, ದಿನದ ಬತ್ತೆಯೆಂದು ಇನ್ನೂರು ಮುನ್ನೂರು ರೂಪಾಯಿಗಳನ್ನು ನಾವೆಲ್ಲ ಕೊಡುತ್ತೇವೆ. ಅದರಲ್ಲಿ ಎರಡು ಊಟ ಕಳೆದರೆ ಉಳಿದದ್ದಕ್ಕೆ ಯಾವ ಊರಿನಲ್ಲಿ ಹಾಸಿಗೆ ದೊರೆಯುವದು? ದೊರೆತರೂ ಅವನು ಮಲಗಲಾರನು, ಆ ಹಣ ಮನೆಗೆ ಮುಟ್ಟಬೇಕಾದದ್ದು. ಆದ್ದರಿಂದ ಆಸನವನ್ನು ಹಿಂದಕ್ಕೆ ಬಾಗಿಸಿ, ಮೊಣಕಾಲುಗಳನ್ನು ಚಕ್ರದ ಕೆಳಗೆ ಮಡಚಿಕೊಂಡು, ಗಾಜನ್ನು ನಾಲ್ಕು ಬೆರಳು ಇಳಿಸಿ, ಸೊಳ್ಳೆ ಹೊಡೆಯುತ್ತ ಬೆಳಗು ಮಾಡುವನು. ಮರುದಿನ ನಸುಕಿನಲ್ಲಿ ನಾವು ಮಡಿಯಾಗಿ ಬಂದು, "ನಡಿಯಪಾ, ಹೊತ್ತಾತು" ಎಂದು ನಮ್ಮ ಹೆಂಡಿರು ಮಕ್ಕಳ ಜೀವಗಳನ್ನು ಅವನ ಕೈಯಲ್ಲಿ ಇಡುವೆವು.

ದೇಶದ ರಸ್ತೆಗಳಲ್ಲಿ ೨೦೨೨ರ ಒಂದೇ ವರ್ಷದಲ್ಲಿ ೧,೬೮,೪೯೧ ಜನರು ಸತ್ತರೆಂದು ಕೇಂದ್ರ ಸರಕಾರದ ಸಾರಿಗೆ ಖಾತೆಯ ವರದಿಯು ಹೇಳುತ್ತದೆ. ಸಾವಿನ ಕಾರಣಗಳನ್ನು ಆ ವರದಿಯು ಅತಿವೇಗ, ಮದ್ಯಪಾನ, ತಪ್ಪು ಬದಿಯ ಸಂಚಾರ, ಕೆಂಪು ದೀಪದ ಉಲ್ಲಂಘನೆ, ದೂರವಾಣಿಯ ಬಳಕೆ ಎಂದು ವಿಂಗಡಿಸಿದೆ. ಮಿಕ್ಕದ್ದಕ್ಕೆಲ್ಲ "ಇತರೆ" ಎಂದಿದೆ. ನಿದ್ದೆಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಚಾಲಕನು ಕಣ್ಣು ಮುಚ್ಚಿದ ಗಾಡಿ ತನ್ನಷ್ಟಕ್ಕೆ ಓಡಿ ಲಾರಿಯ ಹಿಂಬದಿಗೆ ಬಡಿದರೆ ಅದು ಬಹುಶಃ ಅತಿವೇಗದ ಲೆಕ್ಕಕ್ಕೆ ಹೋಗುವದು. ಮದ್ಯವನ್ನು ಉಸಿರಿನಿಂದ ಅಳೆಯುವ ಯಂತ್ರವುಂಟು. ಮೂರು ರಾತ್ರಿಯ ಎಚ್ಚರವನ್ನು ಅಳೆದು ತೋರಿಸುವ ಯಂತ್ರವನ್ನು ಹಿಡಿದ ಪೋಲೀಸನನ್ನು ನಾವು ಯಾವ ನಾಕೆಯಲ್ಲಿಯೂ ಕಂಡಿಲ್ಲ.

ಝಳಕಿಯ ಹಾದಿಯೂ ಈಗ ನಾಲ್ಕು ಪಥದ ಹೆದ್ದಾರಿ. ಇದನ್ನು ಕಟ್ಟುವಾಗ ೨೦೨೧ರ ಫೆಬ್ರುವರಿಯಲ್ಲಿ ೨೫.೫೪ ಕಿಲೋಮೀಟರಿನ ಒಂದು ಪಥಕ್ಕೆ ಕೇವಲ ೧೮ ತಾಸುಗಳಲ್ಲಿ ಡಾಂಬರು ಹಾಸಿದ್ದು ದಾಖಲೆಯೆನಿಸಿತು. ಶ್ಲಾಘ್ಯವಾದ ಕೆಲಸವೇ ಸರಿ. ಆದರೆ ಹಾದಿ ನುಣುಪಾದಷ್ಟೂ ನಿದ್ದೆ ಹತ್ತಿರವಾಗುವದೆಂಬದನ್ನು ರಾತ್ರಿ ಗಾಡಿ ಹೊಡೆಯುವ ಯಾರನ್ನು ಕೇಳಿದರೂ ಹೇಳುವರು. ತಗ್ಗುದಿಣ್ಣೆಗಳ ಹಳೆಯ ರಸ್ತೆಯು ಚಾಲಕನನ್ನು ಬೈಯಿಸುತ್ತ ಎಚ್ಚರವಿಡುತ್ತಿತ್ತು. ಹೊಸ ರಸ್ತೆಯು ನಡುವಿನ ಊರುಗಳನ್ನು ಮರೆಯಿಸಿ, ಇನ್ನೊಂದು ತಾಸು, ಇನ್ನೊಂದು ತಾಸು ಎಂದು ಅವನನ್ನು ಮುಂದಕ್ಕೆ ಎಳೆಯುವದು. ಎಲ್ಲರೂ ವಿಜಯಪುರಕ್ಕೇ ಹೋಗಿ ಮಲಗುವದಾದರೆ ನಡುದಾರಿಯ ಈ ಅಗ್ಗದ ತಂಗುಮನೆಗಳು ಎಷ್ಟು ದಿನ ಬಾಗಿಲು ತೆರೆದಿರಬಲ್ಲವು?

ಅವುಗಳ ಕಷ್ಟ ಬೇರೆಯೂ ಉಂಟು. ದಿನಕ್ಕೆ ಸಾವಿರ ರೂಪಾಯಿಯೊಳಗಿನ ಕೋಣೆಗಳಿಗೆ ಇದ್ದ ತೆರಿಗೆಯ ವಿನಾಯಿತಿಯನ್ನು ೨೦೨೨ರ ಜುಲೈ ೧೮ರಿಂದ ತೆಗೆದು ಶೇಕಡಾ ೧೨ನ್ನು ಹೇರಲಾಯಿತು. ೨೦೨೫ರ ಸಪ್ಟೆಂಬರ ೨೨ರಿಂದ ಅದು ಶೇಕಡಾ ೫ಕ್ಕೆ ಇಳಿದಿದೆ. ತೀರ ಸಣ್ಣ ವ್ಯವಹಾರದವರು ಈ ಲೆಕ್ಕದ ಹೊರಗೆ ಉಳಿದಿರಬಹುದು. ಚಾಲಕರ ಕೋಣೆಯನ್ನು ಇಟ್ಟವನಿಗೂ ಇಡದವನಿಗೂ ತೆರಿಗೆ ಒಂದೇ ಎಂಬದನ್ನಷ್ಟೇ ನಾವು ಸರಕಾರದವರ ಗಮನಕ್ಕೆ ತರುವೆವು. ನಮ್ಮ ಯಜಮಾನನನ್ನು ಕೇಳಿದೆವು: ಆ ನಾಲ್ಕು ಮಂಚಗಳ ಕೋಣೆಯಿಂದ ನಿನಗೇನು ಬರುವದು? "ಏನೂ ಬರೂದಿಲ್ರೀ. ನಮ್ಮಪ್ಪ ಇದ್ದಾಗಿಂದ ಐತಿ" ಎಂದನು. ತುಸು ತಡೆದು, "ಅದನ್ನ ಒಡದು ಎರಡ ಅಂಗಡಿ ಮಾಡಂತ ಮಗಾ ಗಂಟಬಿದ್ದಾನ್ರಿ" ಎಂದೂ ಸೇರಿಸಿದನು.

ನೆರೆಯ ತಮಿಳುನಾಡಿನ ಸರಕಾರವು ೨೦೨೩ರಲ್ಲಿ ತನ್ನ ಕಟ್ಟಡಗಳ ನಿಯಮಕ್ಕೆ ತಿದ್ದುಪಡಿ ತಂದು, ಹೊಟೇಲು ವಸತಿಗೃಹಗಳು ಅತಿಥಿಗಳ ವಾಹನಚಾಲಕರಿಗೆ ಮಲಗುವ ಕೋಣೆಯನ್ನು ಒದಗಿಸಲೇಬೇಕೆಂದು ವಿಧಿಸಿತು. ವಿಮಾನ ಹಾರಿಸುವವನ ನಿದ್ದೆಯನ್ನು ತಾಸುಗಟ್ಟಲೆ ಎಣಿಸಿ ಬರೆದಿಡುವ ಈ ಕಾಲದಲ್ಲಿ ಅದನ್ನು ಅತಿಶಯವೆನ್ನುವಂತಿಲ್ಲ. ಕರ್ನಾಟಕದಲ್ಲಿ ಹೊಸ ಹೊಟೇಲಿಗೆ ಪರವಾನಿಗೆ ಕೊಡುವಾಗ ಇಂತಿಷ್ಟು ವಾಹನಗಳಿಗೆ ಇಷ್ಟು ಸ್ಥಳ ಬೇಕೆಂದು ನಕ್ಷೆಯಲ್ಲಿ ಅಳೆದು ನೋಡುವ ಅಧಿಕಾರಿಗಳು, ಆ ವಾಹನಗಳನ್ನು ತಂದವರಿಗೆ ಎಷ್ಟು ಮಂಚಗಳೆಂದು ಅದೇ ನಕ್ಷೆಯಲ್ಲಿ ಕೇಳಲು ಅಡ್ಡಿಯೇನು? ಹಳೆಯ ಸಣ್ಣ ಮನೆಗಳ ಮೇಲೆ ದಂಡದ ಹೆದರಿಕೆ ಬೇಡ. ಅಂಥ ಕೋಣೆ ಇಟ್ಟವರಿಗೆ ಪರವಾನಿಗೆಯ ಶುಲ್ಕದಲ್ಲಿಯೋ ವಿದ್ಯುತ್ತಿನ ದರದಲ್ಲಿಯೋ ತುಸು ರಿಯಾಯಿತಿ ದೊರೆತರೆ ಒಡೆಯುವ ಗೋಡೆಗಳು ನಿಂತಾವು. ಸರಕಾರಿ ಪ್ರವಾಸಿ ಮಂದಿರಗಳಲ್ಲಿ ಇಳಿಯುವ ಅಧಿಕಾರಿಗಳಂತೂ ಕಾಯಿದೆಗಾಗಿ ಕಾಯಬೇಕಾಗಿಲ್ಲ. ಇಂದು ರಾತ್ರಿಯೇ ತಮ್ಮ ಡ್ರೈವರನು ಎಲ್ಲಿ ಮಲಗಿದ್ದಾನೆಂದು ಹೊರಗೆ ಬಂದು ನೋಡಬಹುದು. ಮನೆಯವರೊಡನೆ ಯಾತ್ರೆಗೆ ಹೊರಡುವ ನಾವುಗಳು ಕೋಣೆಯನ್ನು ಗೊತ್ತುಮಾಡುವಾಗ, ಬಿಸಿನೀರು ಉಂಟೋ ಎಂದು ಕೇಳುವ ಮುಂಚೆ ಡ್ರೈವರನಿಗೆ ಹಾಸಿಗೆ ಉಂಟೋ ಎಂದು ಕೇಳತೊಡಗಿದರೆ ಹೊಟೇಲಿನವರಿಗೂ ಅದು ಲಾಭದ ಮಾತಾಗಿ ತೋರೀತು.

ಝಳಕಿಯಲ್ಲಿ ಬೆಳಗು ಹರಿದಾಗ ನಮ್ಮವನು ಗಾಡಿಯನ್ನು ತೊಳೆದು ಬೇವಿನ ಗಿಡದ ಕೆಳಗೆ ನಿಲ್ಲಿಸಿದ್ದನು. ಗೇಟಿನ ಹೊರಗಿನ ಅಂಗಡಿಯಲ್ಲಿ ಚಹ ಕುಡಿದು ಹೊರಟೆವು. ಹೊರ್ತಿ ದಾಟುವ ವರೆಗೆ ಅವನು ಮಾತಾಡಲಿಲ್ಲ. ಬಳಿಕ ಕನ್ನಡಿಯಲ್ಲಿ ನಮ್ಮನ್ನು ಒಮ್ಮೆ ನೋಡಿ ಹೇಳಿದನು: "ಸಿಟ್ಟಾಗಬ್ಯಾಡ್ರಿ ಸರ್. ನಿನ್ನಿ ರಾತ್ರಿ ಸುಳ್ಳ ಹೇಳಿದ್ನಿ. ನಿಮ್ಮದಕ್ಕಿಂತ ಮೊದಲ ಎರಡ ಬಾಡಿಗಿ ಬೆನ್ನಿಗೆ ಬೆನ್ನ ಇದ್ದೂರಿ. ಮೂರ ರಾತ್ರಿ ಆಗಿತ್ತು, ಕಾಲ ಚಾಚಿ ಮಲಗಿದ್ದಿಲ್ಲ."